ಮದ್ದು ಹಾಕಿದ ಮೇಲೆ

ಗೊಟ್ಟದಣ್ಣ ಬೀದಿಗೆ ಕಾಲಿಟ್ಟದ್ದು ಮೊದಲು ಹಸುಗಳಿಗೆ ತಿಳಿಯುತ್ತಿತ್ತು, ಆಮೇಲೆ ಮನುಷ್ಯರಿಗೆ. ಮೆಲುಕು ಹಾಕುತ್ತಿದ್ದವು ದವಡೆ ನಿಲ್ಲಿಸುತ್ತಿದ್ದವು. ಮಲಗಿದ್ದವು ಏಳುತ್ತಿದ್ದವು. ಕಟ್ಟಿಹಾಕಿದ್ದವು ಹಗ್ಗ ಬಿಗಿಯಾಗುವವರೆಗೆ ಹಿಂದೆ ಸರಿದು, ಮೂಗಿನ ಹೊಳ್ಳೆ ಅರಳಿಸಿ, ಮುಖವನ್ನು ಆ ಕಡೆಗೆ ತಿರುಗಿಸಿಕೊಳ್ಳುತ್ತಿದ್ದವು. ಒಳಗಿದ್ದವರು ಕೊಟ್ಟಿಗೆಯ ಸದ್ದು ಕೇಳಿ, “ಗೊಟ್ಟದಣ್ಣ ಬಂದ ಅಂತ ಕಾಣುತ್ತೆ” ಎಂದು ಹೊರಗೆ ಬರುತ್ತಿದ್ದರು.

ಗೊಟ್ಟವೆಂದರೆ ಮೊಳದುದ್ದದ ಬಿದಿರಿನ ಕೊಳವೆ. ಒಂದು ತುದಿಯನ್ನು ಓರೆಯಾಗಿ ಕೊಯ್ದು, ನಾಲಿಗೆಗೆ ಗಾಯವಾಗದ ಹಾಗೆ ನುಣುಪು ಮಾಡಿರುತ್ತಾರೆ. ಅದರಲ್ಲಿ ಮದ್ದು ತುಂಬಿ, ದನದ ತಲೆಯನ್ನು ಎತ್ತಿ ಹಿಡಿದು, ದವಡೆಯ ಸಂದಿನಿಂದ ಗಂಟಲಿಗೆ ಇಳಿಸುವುದು ಅವನ ಕಸುಬು. ಮದ್ದು ಬರೆಯುವುದು ಡಾಕ್ಟರ ಕೆಲಸ. ಬರೆದದ್ದು ಹೊಟ್ಟೆಗೆ ಹೋಗಬೇಕಾದರೆ ಗೊಟ್ಟದಣ್ಣ ಬರಬೇಕು. ಮೂವತ್ತೆಂಟು ವರ್ಷದಿಂದ ಸುತ್ತಲ ಏಳೂರಿನಲ್ಲೂ ಹೀಗೇ ನಡೆದುಬಂದಿತ್ತು.

ಅವನದೊಂದು ಕಟ್ಟುನಿಟ್ಟು ಇತ್ತು. ಮದ್ದು ಹಾಕುವಾಗ ಮನೆಯವರು ಯಾರೂ ದನದ ಕಣ್ಣಿಗೆ ಬೀಳಕೂಡದು. “ಒಳಗೆ ಹೋಗಿ, ಬಾಗಿಲು ಹಾಕ್ಕೊಳ್ಳಿ. ನೀವು ಇರೋರು, ನಾನು ಹೋಗೋನು. ಸಿಟ್ಟೆಲ್ಲ ನನ್ನ ಮೇಲಿರಲಿ” ಎನ್ನುತ್ತಿದ್ದ. ಕೆಲಸ ಮುಗಿದ ಕೂಡಲೇ ಕೊಳವೆ ಒರೆಸಿ, ಚೀಲಕ್ಕೆ ಹಾಕಿ, ಹಿಂದಿರುಗಿ ನೋಡದೆ ಹೊರಟುಬಿಡುತ್ತಿದ್ದ. ಆ ಮನೆಯಲ್ಲಿ ಟೀ ಕೂಡ ಕುಡಿಯುತ್ತಿರಲಿಲ್ಲ. ಬೀದಿಯ ಕೊನೆಯ ಅಂಗಡಿಯಲ್ಲಿ ಕುಡಿಯುತ್ತಿದ್ದ. ಹೀಗಾಗಿ ಏಳೂರಿನ ದನಗಳಿಗೆಲ್ಲ ಅವನೊಬ್ಬನೇ ಹಗೆ. ಕಮ್ಮಾರನ ಕೈಗೆ ಸುಟ್ಟ ಕಲೆಗಳಿರುವ ಹಾಗೆ ಇದೂ ಒಂದು ಎಂದು ಅವನು ಅದನ್ನು ಹೊತ್ತುಕೊಂಡಿದ್ದ. ಮನೆಯಲ್ಲಿ ಮಾತ್ರ ಒಂದು ಕೋಳಿಯನ್ನೂ ಸಾಕಿರಲಿಲ್ಲ.

“ಹೊರಗೆ ಎಲ್ಲಾ ಮುಖ ತಿರುಗಿಸ್ಕೊಳ್ತವೆ. ಮನೇಲೂ ಯಾಕೆ?” ಎನ್ನುತ್ತಿದ್ದ.

“ಮನೇಲಿ ಅದಕ್ಕೆ ನಾನಿದ್ದೀನಲ್ಲ” ಎನ್ನುತ್ತಿದ್ದಳು ಹೆಂಡತಿ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ.

ಮಂಜು ಬಿದ್ದ ಒಂದು ಬೆಳಗ್ಗೆ ಅವನು ಹಾಲಿನ ಡೈರಿಯ ಮುಂದೆ ಹಾದು ಬರುತ್ತಿದ್ದ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕ್ಯಾನುಗಳ ಸದ್ದು ಕೇಳುತ್ತಿತ್ತು, ಕ್ಯಾನುಗಳು ಕಾಣುತ್ತಿರಲಿಲ್ಲ. ಮೆಟ್ಟಿಲ ಬಳಿ ಬೂದಿಯ ಉಂಡೆಯಂಥದ್ದೊಂದು ಬಿದ್ದಿತ್ತು. ಹಾಲು ಹಾಕಲು ಬಂದವರು ಅದನ್ನು ದಾಟಿಕೊಂಡು ಹೋಗುತ್ತಿದ್ದರು. ಅವನೂ ದಾಟಲೆಂದು ಕಾಲೆತ್ತಿದಾಗ ಅದು ಅಲುಗಿತು. ಅಂಗೈಯಗಲದ ಬೆಕ್ಕಿನ ಮರಿ. ಎರಡು ಕಣ್ಣೂ ಕೀವಿನಿಂದ ಅಂಟಿಕೊಂಡಿದ್ದವು, ಮೂಗು ಕಟ್ಟಿ ಬಾಯಲ್ಲಿ ಉಸಿರಾಡುತ್ತಿತ್ತು. ಅವನು ಅಭ್ಯಾಸಬಲದಿಂದ ನಿಂತಲ್ಲೇ ನಿಂತ, ಅದು ಹೆದರಿ ಓಡಲಿ ಎಂದು. ಅದು ಓಡಲಿಲ್ಲ. ತಲೆಯನ್ನು ಅತ್ತ ಇತ್ತ ತೂಗುತ್ತ, ಎಡವುತ್ತ ಬಂದು, ಅವನ ಪಾದದ ಮೇಲೆ ಗದ್ದವಿಟ್ಟು ಮಲಗಿತು.

ಅವನು ಬಹಳ ಹೊತ್ತು ಕಾಲು ಕದಲಿಸಲಿಲ್ಲ. ಡೈರಿಯ ಗುಮಾಸ್ತ, “ಏನಣ್ಣ, ಬೇರು ಬಿಟ್ಟೆಯಾ?” ಎಂದು ಕೇಳಿದ. ಅವನು ಬಗ್ಗಿ ಮರಿಯನ್ನು ಎತ್ತಿಕೊಂಡ.

ದನದ ಆಸ್ಪತ್ರೆಯ ಡಾಕ್ಟರಮ್ಮ ಅವನನ್ನು ನೋಡಿ ನಕ್ಕಳು. ಅವಳು ಬರೆದುಕೊಟ್ಟ ಮದ್ದನ್ನೇ ಅವನು ಊರೂರಲ್ಲಿ ಕುಡಿಸುತ್ತಿದ್ದದ್ದು. ಆದರೆ ಮರಿಯ ಕಣ್ಣುಗಳನ್ನು ಬಿಸಿನೀರಿನ ಹತ್ತಿಯಿಂದ ಬಿಡಿಸಿದ ಮೇಲೆ ಅವಳ ನಗು ನಿಂತಿತು. ಬಲಗಣ್ಣು ಚೆನ್ನಾಗಿತ್ತು. ಎಡಗಣ್ಣಿನ ಮೇಲೆ ಮಂಜುಗಟ್ಟಿದ ಗಾಜಿನ ಹಾಗೆ ಪೊರೆಯಿತ್ತು.

“ಇದನ್ನ ಬೆಳಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ ಬಾಯಿಗೆ. ಈ ಹನಿ ಕಣ್ಣಿಗೆ. ಹತ್ತು ದಿನ. ಒಂದು ಹೊತ್ತೂ ತಪ್ಪಬಾರದು. ತಪ್ಪಿದ್ರೆ ಎಡಗಣ್ಣು ಹೋಗುತ್ತೆ” ಎಂದಳು. ಸೂಜಿಯಿಲ್ಲದ ಸಣ್ಣ ಸಿರಿಂಜು, ಗುಲಾಬಿ ಬಣ್ಣದ ಮದ್ದಿನ ಬಾಟಲಿ ಕೊಟ್ಟಳು. “ನಿಮಗೇನು ಹೇಳಿಕೊಡೋದು ಯಜಮಾನ್ರೆ? ಎಮ್ಮೆಗೆ ಕುಡಿಸೋರಿಗೆ ಇದು ಯಾವ ಲೆಕ್ಕ!”

“ಮೂಗು ಯಾವಾಗ ಬಿಡುತ್ತೆ?” ಎಂದ ಗೊಟ್ಟದಣ್ಣ.

“ಮದ್ದು ಸರಿಯಾಗಿ ಹೋದ್ರೆ ನಾಲ್ಕೈದು ದಿನ.”

“ಆಮೇಲೆ ವಾಸನೆ ಎಲ್ಲ ಗೊತ್ತಾಗುತ್ತಾ?”

“ಗೊತ್ತಾಗಬೇಕಲ್ಲ!” ಎಂದಳು ಅವಳು, ಈ ಪ್ರಶ್ನೆ ಯಾಕೆಂದು ತಿಳಿಯದೆ.

ಮನೆಗೆ ಬಂದವನೇ ಗೊಟ್ಟದ ಚೀಲವನ್ನು ಹಿತ್ತಲ ಸೌದೆಗೂಡಿಗೆ ಸಾಗಿಸಿದ. ಬಟ್ಟೆ ಬದಲಿಸಿದ. ಸೋಪು ಹಚ್ಚಿ ಮೊಣಕೈವರೆಗೆ ಮೂರು ಸಲ ತೊಳೆದ. ಹೆಂಡತಿ ಎಲ್ಲವನ್ನೂ ನೋಡಿದಳು. ಅವಳು ನೆರೆಹೊರೆಯವರಿಗೆ ಬಟ್ಟೆ ಹೊಲಿದುಕೊಡುತ್ತಿದ್ದಳು. ಕಿಟಕಿಯ ಕೆಳಗೆ ಅವಳ ಯಂತ್ರ, ಯಂತ್ರದ ಪಕ್ಕದಲ್ಲಿ ಚಿಂದಿಯ ಬುಟ್ಟಿ. ಮರಿಯನ್ನು ಆ ಬುಟ್ಟಿಯಲ್ಲಿ ಇಟ್ಟದ್ದಾಯಿತು.

“ಒಕ್ಕಣ್ಣಿ ಅಂತ ಕರೆಯೋಣ” ಎಂದಳು.

“ಹಾಗೆ ಕರೀಬೇಡ. ಅಂಟ್ಕೊಂಡುಬಿಡುತ್ತೆ.”

“ಸರಿ. ಮದ್ದು ಹಾಕಿ ಮತ್ತೆ.”

ಅವನು ಸಿರಿಂಜನ್ನು ತಿರುಗಿಸಿ ತಿರುಗಿಸಿ ನೋಡಿದ. ಕೊನೆಗೆ, “ನಿನ್ನ ತಮ್ಮನ್ನ ಕರೀತೀನಿ” ಎಂದು ಎದ್ದ. ಅವಳಿಗೆ ಆಗ ಅರ್ಥವಾಯಿತು. ಮದುವೆಯಾಗಿ ಇಷ್ಟು ವರ್ಷವಾದರೂ ಈ ಗಂಡಸಿಗೆ ಇಂಥದೊಂದು ಆಸೆ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಏಳೂರಿನಲ್ಲಿ ಒಂದಾದರೂ ಪ್ರಾಣಿ ತನ್ನನ್ನು ಕಂಡು ಮುಖ ತಿರುಗಿಸದಿರಲಿ ಎಂಬ ಆಸೆ.

ಭಾವಮೈದನದು ಬೀದಿಯ ಮೂಲೆಯಲ್ಲಿ ಕ್ಷೌರದಂಗಡಿ. ವಿಷಯ ಕೇಳಿ ಅವನು ಬಾಚಣಿಗೆಯನ್ನು ಕಿವಿಗೆ ಸಿಕ್ಕಿಸಿಕೊಂಡು ನಿಂತುಬಿಟ್ಟ.

“ಭಾವ, ಕೋಣಕ್ಕೆ ಮದ್ದು ಕುಡಿಸೋರು ನೀವು. ಒಂದು ಹಿಡಿ ಬೆಕ್ಕಿಗೆ ನಾನು ಬೇಕಾ?”

“ನಿಂಗೆ ತಲೆ ಹಿಡಿದು ಅಭ್ಯಾಸ ಇದೆ.”

“ನಾನು ಹಿಡಿಯೋ ತಲೆಗಳು ತಾವಾಗೇ ಬಂದು ಕೂತ್ಕೊಳ್ತವೆ. ಕಚ್ಚಲ್ಲ.”

“ನೀನು ಬಂದು ಹೋಗೋನಪ್ಪ. ಸಿಟ್ಟು ನಿನ್ನ ಮೇಲಿದ್ರೆ ನಿಂಗೇನು ನಷ್ಟ?”

“ಅಂದ್ರೆ ನಾನು ಹಾಳಾದ್ರೂ ಪರವಾಗಿಲ್ಲ!” ಎಂದು ಭಾವಮೈದ ನಕ್ಕ. ಆದರೂ ಒಪ್ಪಿಕೊಂಡ. ಅಂಗಡಿ ತೆರೆಯುವ ಮುಂಚೆ ಒಂದು ಸಲ, ಹೊತ್ತು ಇಳಿದ ಮೇಲೆ ಒಂದು ಸಲ ಬರತೊಡಗಿದ.

ಅವನು ಬಂದ ಕೂಡಲೇ ಗೊಟ್ಟದಣ್ಣ ಹಿತ್ತಲಿಗೆ ಹೋಗುತ್ತಿದ್ದ. ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದ. ಒಳಗಿಂದ ಮರಿಯ ಸಣ್ಣ ಕೂಗು ಕೇಳುತ್ತಿತ್ತು; ದಾರ ಹರಿದಂಥ ಕೂಗು. ಗೋಡೆಯ ಪಾಚಿಯ ಮೇಲೆ ಇರುವೆಗಳು ಸಾಲಾಗಿ ಹೋಗುವುದನ್ನು ನೋಡುತ್ತಿದ್ದ. ಮೂವತ್ತೆಂಟು ವರ್ಷ ತಾನು ಬಾಗಿಲ ಹಿಂದೆ ಕಳಿಸಿದವರೆಲ್ಲ ಹೀಗೇ ನಿಂತಿದ್ದರೇ ಎಂದು ಅವನಿಗೆ ಮೊದಲ ಸಲ ಹೊಳೆಯಿತು.

“ಆಯ್ತು ಭಾವ, ಬನ್ನಿ! ಹಾಲು ಕುಡಿದ ಹಾಗೆ ಕುಡೀತು!” ಎಂದು ಭಾವಮೈದ ಕೂಗಿ ಹೇಳಿ ಹೋಗುತ್ತಿದ್ದ.

ಆಮೇಲಿನ ಹೊತ್ತೆಲ್ಲ ಗೊಟ್ಟದಣ್ಣನದು. ಮರಿಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಬಳಿ ಕೂರುತ್ತಿದ್ದ. ಬೇಯಿಸಿದ ಮೀನಿನ ಎಳೆಗಳನ್ನು ಬೆರಳ ತುದಿಯಲ್ಲಿ ಹಿಡಿದರೆ ಒಂದೆರಡು ಎಳೆ ನೆಕ್ಕಿ ಬಿಡುತ್ತಿತ್ತು. ಮತ್ತೆ ನಿದ್ದೆ. ಕಿಟಕಿಯಿಂದ ಬಿದ್ದ ಬಿಸಿಲು ನೆಲದ ಹಾಸುಗಲ್ಲುಗಳ ಮೇಲೆ ಒಂದೊಂದಾಗಿ ದಾಟಿಕೊಂಡು ಹೋಗುತ್ತಿತ್ತು. ಬಟ್ಟೆಯ ಧೂಳು ಆ ಬಿಸಿಲಿನಲ್ಲಿ ತೇಲುತ್ತಿತ್ತು, ಯಾವ ಅವಸರವೂ ಇಲ್ಲದೆ. ಯಂತ್ರ ಓಡಿ ನಿಂತು, ಓಡಿ ನಿಂತು, ಎಲ್ಲೋ ದೂರದ ರೈಲಿನಂತೆ ಕೇಳುತ್ತಿತ್ತು. ಮಡಿಲಿನ ಬಿಸುಪು ಅವನ ಹೊಟ್ಟೆಯವರೆಗೆ ಏರಿ, ಕಣ್ಣು ಎಳೆದುಕೊಂಡು ಹೋಗುತ್ತಿತ್ತು. ಕನಸೋ ಎಚ್ಚರವೋ, ಮಂಜಿನೊಳಗೆ ದನಗಳು ನಿಂತಿರುತ್ತಿದ್ದವು, ಒಂದೂ ಕದಲುತ್ತಿರಲಿಲ್ಲ. ಯಾರಾದರೂ ಕೆಲಸಕ್ಕೆ ಕರೆಯಲು ಬಂದರೆ ಹೆಂಡತಿ ಬಾಗಿಲಲ್ಲೇ, “ಅವರ ಮೇಲೆ ಬೆಕ್ಕು ಮಲಗಿದೆ, ನಾಳೆ ಬನ್ನಿ” ಎಂದು ಕಳಿಸುತ್ತಿದ್ದಳು.

ಹೀಗೆ ನಾಲ್ಕು ದಿನ.

ನಾಲ್ಕನೆಯ ಮಧ್ಯಾಹ್ನ ತೂಕಡಿಕೆಯಲ್ಲಿ ಅವನ ಹೆಬ್ಬೆರಳು ಮರಿಯ ಗದ್ದದ ಕೆಳಗೆ ಹೋಯಿತು. ಬೇಕೆಂದು ಹೋದದ್ದಲ್ಲ, ಮದ್ದು ಹಾಕಿದ ಹಸುವಿನ ಗದ್ದ ಒಣಗಿದೆಯೋ ಒದ್ದೆಯೋ ಎಂದು ನೋಡುವ ಹೆಬ್ಬೆರಳು ಅದು. ಗದ್ದದ ಕೂದಲು ಗಂಜಿ ಹಾಕಿದ ಬಟ್ಟೆಯ ಹಾಗೆ ಬಿರುಸಾಗಿತ್ತು. ಬಿಸಿಲಿಗೆ ಎತ್ತಿ ಹಿಡಿದ. ಕುತ್ತಿಗೆಯ ಉದ್ದಕ್ಕೂ, ಎದೆಯವರೆಗೂ, ಒಣಗಿದ ಗುಲಾಬಿ ಬಣ್ಣ.

ಅಲ್ಲಿಂದ ಎದ್ದವನು ಮರಿಯನ್ನು ಅಂಗಿಯೊಳಗೆ ಹಾಕಿಕೊಂಡು ಸೀದಾ ಕ್ಷೌರದಂಗಡಿಗೆ ನಡೆದ. ಭಾವಮೈದ ಒಬ್ಬರ ಮುಖಕ್ಕೆ ನೊರೆ ಹಚ್ಚುತ್ತಿದ್ದ.

“ಎಷ್ಟು ಒಳಗೆ ಹೋಯ್ತು? ನಿಜ ಹೇಳು.”

ಬ್ರಷ್ಷು ನಿಂತಿತು. “ಭಾವ, ಅದು ಕಣ್ಣು ಮುಚ್ಕೊಂಡು ಹಾಗೆ ಅಳುತ್ತೆ... ಗಟ್ಟಿಯಾಗಿ ಹಿಡಿದ್ರೆ ಎಲುಬು ಮುರಿಯುತ್ತೇನೋ ಅಂತ ಸಡಿಲವಾಗೇ ಹಿಡೀತಿದ್ದೆ... ಅರ್ಧ ಹೋಗಿರಬಹುದು.”

“ಅರ್ಧ?”

“ಅರ್ಧಕ್ಕೆ ಒಂಚೂರು ಕಮ್ಮಿ.” ಅವನ ಮುಖ ಸಣ್ಣದಾಗಿತ್ತು. “ನಿಮಗೆ ಹೇಳೋಕೆ ನಾಚಿಕೆ ಆಯ್ತು. ನೀವು ಅಷ್ಟು ನಂಬಿ ಕೊಟ್ರಿ.”

“ನನ್ನ ಗದ್ದ ಮುಗಿಸಿ ಜಗಳ ಆಡ್ಕೊಳ್ರಪ್ಪ” ಎಂದಿತು ನೊರೆಯೊಳಗಿಂದ ಒಂದು ದನಿ.

ಗೊಟ್ಟದಣ್ಣನಿಗೆ ಜಗಳವಾಡಲು ಏನೂ ಇರಲಿಲ್ಲ. ಏಳೂರಿನ ದನಗಳ ಗದ್ದ ಮುಟ್ಟಿ ನೋಡಿದವನು ತಾನು. ತನ್ನ ಮನೆಯ ಮರಿಗೆ ಮದ್ದು ಬೀಳುವಾಗ ಗೋಡೆ ನೋಡುತ್ತ ನಿಂತವನೂ ತಾನೇ.

ಡಾಕ್ಟರಮ್ಮ ಸಣ್ಣ ಟಾರ್ಚು ಹಿಡಿದು ಎಡಗಣ್ಣನ್ನು ನೋಡಿದಳು. ತುಂಬಾ ಹೊತ್ತು ನೋಡಿದಳು.

“ಹುಣ್ಣಾಗಿದೆ. ಇನ್ನು ಮೂರು ದಿನದಲ್ಲಿ ವಾಸಿಯಾಗೋ ಕಡೆ ತಿರುಗಬೇಕು. ತಿರುಗದಿದ್ರೆ ಕಣ್ಣು ತೆಗೀಬೇಕಾಗುತ್ತೆ.”

“ಚೆನ್ನಾಗೇ ಇತ್ತು ಅಮ್ಮ. ಇಡೀ ದಿನ ನನ್ನ ಮಡಿಲಲ್ಲೇ ಮಲಗ್ತಿತ್ತು. ನನ್ನನ್ನ ನಂಬಿಬಿಟ್ಟಿದೆ ಅಂತ...”

ಅವಳು ಟಾರ್ಚನ್ನು ಆರಿಸಿದಳು. “ಅದು ನಂಬಿಕೆ ಅಲ್ಲ ಯಜಮಾನ್ರೆ. ನಿಶ್ಶಕ್ತಿ. ಯಾರ ಮಡಿಲಲ್ಲಾದ್ರೂ ಮಲಗ್ತಿತ್ತು.”

ಮನೆಯವರೆಗಿನ ದಾರಿ ಅವತ್ತು ಉದ್ದವಾಗಿತ್ತು. ಅಂಗಿಯೊಳಗೆ ಮರಿ ಬಾಯಲ್ಲಿ ಉಸಿರಾಡುತ್ತಿತ್ತು. ಪ್ರತಿ ಉಸಿರೂ ಎದೆಗೆ ಒಂದು ಚುಕ್ಕೆ ಬಿಸಿ. ಬೇಲಿಯ ಪಕ್ಕ ಕಟ್ಟಿದ್ದ ಒಂದು ಹೋರಿ ಅವನನ್ನು ಕಂಡು ಹಗ್ಗ ಜಗ್ಗಿತು. ಇದೂ ಅಷ್ಟೇ, ಎಂದುಕೊಂಡ. ಕಣ್ಣು ಉಳಿದರೆ ಆ ಕಣ್ಣಿನಿಂದ ನನ್ನನ್ನು ನೋಡಿ ಓಡುತ್ತದೆ. ಓಡಲಿ. ಎರಡೂ ಕಣ್ಣಿಂದ ನೋಡಿ ಓಡಲಿ.

ಹೆಂಡತಿಯ ಹತ್ತಿರ ಹಳೆಯ ಟವೆಲು ಕೇಳಿದ. ನೆಲದ ಮೇಲೆ ಕುಳಿತು, ಮರಿಯನ್ನು ಟವೆಲಿನಲ್ಲಿ ಕುತ್ತಿಗೆಯವರೆಗೆ ಸುತ್ತಿ, ಮೊಣಕಾಲುಗಳ ನಡುವೆ ಇಟ್ಟುಕೊಂಡ. ಎಮ್ಮೆಯ ದವಡೆಯಲ್ಲಿ ಹಲ್ಲಿಲ್ಲದ ಸಂದು ಎಲ್ಲಿರುತ್ತದೆಂದು ಅವನ ಬೆರಳಿಗೆ ಗೊತ್ತಿತ್ತು. ಇಲ್ಲಿಯೂ ಇತ್ತು ಆ ಸಂದು, ಅಕ್ಕಿಕಾಳಿನಷ್ಟು. ಸಿರಿಂಜಿನ ತುದಿ ಒಳಗೆ ಹೋಯಿತು. ಒಂದು ಹನಿ, ನುಂಗುವವರೆಗೆ ತಡೆ, ಇನ್ನೊಂದು ಹನಿ. ಗದ್ದ ಒಣಗಿಯೇ ಇತ್ತು. ಕಣ್ಣಿನ ರೆಪ್ಪೆಯನ್ನು ಉಗುರಿನ ಬೆನ್ನಿಂದ ಎತ್ತಿ ಹನಿ ಬಿಟ್ಟ. ಟವೆಲು ಸಡಿಲಿಸಿದ ಕೂಡಲೇ ಮರಿ, ಅಷ್ಟು ಶಕ್ತಿ ಎಲ್ಲಿತ್ತೋ, ಅವನ ಮಣಿಕಟ್ಟನ್ನು ಉದ್ದಕ್ಕೆ ಗೀರಿ, ಮೂಲೆಯಲ್ಲಿ ಇಟ್ಟಿಗೆಗಳ ಮೇಲಿಟ್ಟಿದ್ದ ಟ್ರಂಕಿನ ಕೆಳಗೆ ನುಗ್ಗಿತು.

ಅವನು ಸಿರಿಂಜನ್ನು ಒರೆಸಿದ. ಎದ್ದ. ಬಾಗಿಲಿಗೆ ಬಂದು ಚಪ್ಪಲಿ ಮೆಟ್ಟಿದ.

“ಎಲ್ಲಿಗೆ?” ಎಂದಳು ಹೆಂಡತಿ.

ಎಲ್ಲಿಗೆಂದು ಅವನಿಗೂ ಗೊತ್ತಿರಲಿಲ್ಲ. ಕಾಲು ತಾನಾಗಿ ಬಂದಿತ್ತು.

“ಟೀ ಅಂಗಡಿಗಾ? ಇದು ನಿಮ್ಮದೇ ಮನೆ ರೀ. ಇಲ್ಲಿಂದ ಹೋಗೋನು ಯಾರು?”

ಅವನು ಒಂದು ಕಾಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತ. ಬೀದಿಯಲ್ಲಿ ಯಾರದೋ ಸೈಕಲ್ಲು ಗಂಟೆ ಬಾರಿಸಿಕೊಂಡು ಹೋಯಿತು. ಆಮೇಲೆ ಚಪ್ಪಲಿ ಕಳಚಿ ಒಳಗೆ ಬಂದು, ಟ್ರಂಕಿನಿಂದ ನಾಲ್ಕು ಹಾಸುಗಲ್ಲು ದೂರದಲ್ಲಿ, ಗೋಡೆಗೆ ಒರಗಿ ಕುಳಿತ. ಇನ್ನೇನು ಮಾಡಬೇಕೆಂದು ತಿಳಿಯದೆ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ.

ಸಾವಿರ ದನಗಳಿಗೆ ಮದ್ದು ಹಾಕಿದ್ದ. ಹಾಕಿದ ಮೇಲೆ ಅವು ಏನು ಮಾಡುತ್ತವೆಂದು ಒಂದು ಸಲವೂ ನೋಡಿರಲಿಲ್ಲ. ಆ ಸಿಟ್ಟು ಎಷ್ಟು ಹೊತ್ತಿನದು? ಸಂಜೆಯವರೆಗೋ, ಒಂದು ತಿಂಗಳೋ, ಅಥವಾ ಅವನು ಬೀದಿಯ ಕೊನೆಯಲ್ಲಿ ಟೀ ಕುಡಿದು ಮುಗಿಸುವಷ್ಟರಲ್ಲಿ ಅವು ಮತ್ತೆ ಹುಲ್ಲಿಗೆ ಬಾಯಿ ಹಾಕಿರುತ್ತಿದ್ದವೋ? ಆಮೇಲೆ ಅವನು ಮರಳಿ ಬರುತ್ತಿದ್ದದ್ದು ಕೊಳವೆ ಹಿಡಿದುಕೊಂಡೇ. ಕೊಳವೆಯಿಲ್ಲದೆ ಸುಮ್ಮನೆ ಪಕ್ಕದಲ್ಲಿ ಕುಳಿತ ಅವನನ್ನು ಅವು ಕಂಡೇ ಇರಲಿಲ್ಲ.

ಟ್ರಂಕಿನ ಕೆಳಗೆ ಕತ್ತಲೆ. ಕತ್ತಲೆಯಲ್ಲಿ ಒಂದು ಕಣ್ಣು. ಬಿಸಿಲು ಒಂದು ಕಲ್ಲನ್ನು ದಾಟಿ ಇನ್ನೊಂದರ ಅಂಚಿಗೆ ಬಂತು. ಯಂತ್ರ ನಿಧಾನವಾಗಿ ಓಡಿತು. ಹೆಂಡತಿ ಬೇಕೆಂದೇ ಮೆಲ್ಲಗೆ ತುಳಿಯುತ್ತಿದ್ದಳು. ಅವನಿಗೆ ಜೋಂಪು ಹತ್ತಿತು, ಬಿಟ್ಟಿತು, ಮತ್ತೆ ಹತ್ತಿತು. ಒಂದು ಸಲ ಕಣ್ಣು ತೆರೆದಾಗ ಮರಿ ಟ್ರಂಕಿನ ಹೊರಗೆ, ಒಂದು ಕಲ್ಲಿನಷ್ಟು ದೂರ ಬಂದು, ಮುಂಗಾಲು ನೆಕ್ಕಿ ನೆಕ್ಕಿ ಬಾಯಿ ಒರೆಸಿಕೊಳ್ಳುತ್ತಿತ್ತು. ಮುಖದಲ್ಲಿ ಎಂಥ ಅಸಹ್ಯ! ಬೇಡದ ನೆಂಟರ ಮನೆಯಲ್ಲಿ ಉಂಡವರ ಹಾಗೆ. ಅವನಿಗೆ ನಗು ಬಂತು. ಹೊಟ್ಟೆ ಅಲುಗಿದ್ದನ್ನು ಕಂಡು ಮರಿ ಮತ್ತೆ ಟ್ರಂಕಿನ ಕೆಳಗೆ ಹೋಯಿತು.

ಮರುದಿನ ಬೆಳಗ್ಗೆ ಎರಡು ಕಲ್ಲು ಮುಂದೆ ಬಂತು. ಸಂಜೆ, ಯಾಕೋ, ಬರಲೇ ಇಲ್ಲ. ಹೆಂಡತಿ ಮೀನಿನ ತಟ್ಟೆಯನ್ನು ಟ್ರಂಕಿನ ಅಡಿಗೆ ತಳ್ಳಬೇಕಾಯಿತು. ಅವನ ಎರಡೂ ಮಣಿಕಟ್ಟು ಗೀರುಗಳಿಂದ ತುಂಬಿದವು. ಭಾವಮೈದ ಬಂದು ನೋಡಿ, “ಭಾವ, ಇದಕ್ಕಿಂತ ನನ್ನ ಕತ್ತರಿ ವಾಸಿ” ಎಂದ. ತಪ್ಪಿಗೆ ದಂಡ ಎಂದು ದಿನಾ ಮೀನು ತಂದುಕೊಡುತ್ತಿದ್ದ. ಆದರೆ ಮರಿ ಅವನ ಹೆಜ್ಜೆ ಕೇಳಿದರೇ ಕಾಣೆಯಾಗುತ್ತಿತ್ತು. “ನೋಡಕ್ಕಾ, ಮೀನು ನಂದು, ಮರ್ಯಾದೆ ಇಲ್ಲ!” ಎಂದು ಅಕ್ಕನಿಗೆ ದೂರು ಹೇಳಿದ.

ಮೂರನೆಯ ದಿನ ಡಾಕ್ಟರಮ್ಮ ಟಾರ್ಚು ಹಿಡಿದು, ಈ ಸಲ ಬೇಗ ಆರಿಸಿದಳು. “ತಿರುಗಿದೆ. ಕಣ್ಣು ಉಳಿಯುತ್ತೆ. ಉಪ್ಪಿನ ಹರಳಿನಷ್ಟು ಕಲೆ ನಿಲ್ಲಬಹುದು. ಅರ್ಧಕ್ಕೆ ಬಿಡಬೇಡಿ. ಇವತ್ತಿಂದ ಮತ್ತೆ ಪೂರ್ತಿ ಹತ್ತು ದಿನ.” ಅವಳ ಮೇಜಿನ ಮೇಲೆ ಮರಿ ಸೀನಿತು. ಮೂಗಿನಿಂದ ಏನೋ ಹಾರಿ ಅವಳ ಕೋಟಿನ ಮೇಲೆ ಬಿತ್ತು. ಮರಿ ತಲೆ ಎತ್ತಿ, ಬಾಯಿ ಮುಚ್ಚಿ, ಮೂಗಿನಲ್ಲಿ ಉಸಿರೆಳೆದುಕೊಂಡಿತು. ಅಂಥ ದೊಡ್ಡ ಆಸ್ಪತ್ರೆಯ ವಾಸನೆಯೆಲ್ಲ ಒಂದೇ ಸಲಕ್ಕೆ ಒಳಗೆ ಹೋದಂತೆ ಬೆಚ್ಚಿ, ಸುತ್ತ ನೋಡಿ, ಕೊನೆಗೆ ಗೊಟ್ಟದಣ್ಣನ ಕೈ ಮೂಸಿತು. ಕಿವಿ ಹಿಂದಕ್ಕೆ ಹೋದವು. ಮೇಜಿನ ಆ ತುದಿಗೆ ಸರಿಯಿತು.

“ಗೊತ್ತಾಯ್ತು ಬಿಡಿ” ಎಂದ ಅವನು.

ಡಾಕ್ಟರಮ್ಮನಿಗೆ ಏನೂ ಅರ್ಥವಾಗಲಿಲ್ಲ. “ಹ್ಞೂಂ, ಮೂಗು ಬಿಟ್ಟಿದೆ, ಒಳ್ಳೇದು” ಎಂದಳು.

ಆಮೇಲಿನ ಹತ್ತು ದಿನ ಅವನು ವಾಸನೆ ಹೋಗಲೆಂದು ಸೋಪು ಹಚ್ಚಿ ಉಜ್ಜುವುದನ್ನು ನಿಲ್ಲಿಸಿದ. ಹಗಲು ದನಗಳ ಕೆಲಸಕ್ಕೆ ಹೋಗಿ, ಅದೇ ವಾಸನೆಯಲ್ಲಿ ಮನೆಗೆ ಬಂದು, ಅದೇ ಕೈಯಲ್ಲಿ ಟವೆಲು ಸುತ್ತಿ ಮದ್ದು ಹಾಕುತ್ತಿದ್ದ. ಮರಿ ಪ್ರತಿ ಸಲವೂ ಗೀರುತ್ತಿತ್ತು, ಪ್ರತಿ ಸಲವೂ ಓಡುತ್ತಿತ್ತು. ಅವನು ಪ್ರತಿ ಸಲವೂ ಕೂರುತ್ತಿದ್ದ. ಕರೆಯುತ್ತಿರಲಿಲ್ಲ, ಕೈ ಚಾಚುತ್ತಿರಲಿಲ್ಲ. ಈ ಕೂರುವುದು ಅವನಿಗೆ ಒಂದು ಹೊಸ ಕಸುಬಿನ ಹಾಗೆ ಹಿಡಿಸಿತು. ಅದರಲ್ಲಿ ಮಾಡುವುದು ಏನೂ ಇರಲಿಲ್ಲ. ಬಿಸಿಲು ಕಲ್ಲುಗಳನ್ನು ದಾಟುವುದನ್ನು ನೋಡುವುದು, ಟ್ರಂಕಿನ ಕೆಳಗಿನ ಎರಡು ಹೊಳಪುಗಳಲ್ಲಿ ಒಂದು ಸ್ವಲ್ಪ ಮಸುಕು ಎಂದು ಗುರುತಿಸುವುದು, ತನ್ನ ಉಸಿರು ಅದರ ಉಸಿರಿಗೆ ಹೊಂದುವವರೆಗೆ ಕಾಯುವುದು. ಕೆಲವು ದಿನ ಬೆಳಗ್ಗೆ ಮಂಜು ಕಿಟಕಿಯವರೆಗೆ ಬಂದು ನಿಲ್ಲುತ್ತಿತ್ತು. ಆಗ ಕೋಣೆ, ಯಂತ್ರ, ಹೆಂಡತಿಯ ಬಾಗಿದ ಬೆನ್ನು ಎಲ್ಲವೂ ನೀರಿನ ತಳದಲ್ಲಿರುವಂತೆ ಕಾಣುತ್ತಿದ್ದವು.

ಕೊನೆಯ ದಿನ ಸಂಜೆ ಬಾಟಲಿಯ ತಳದ ಮದ್ದನ್ನು ಸಿರಿಂಜಿಗೆ ಎಳೆದು ಹಾಕಿದ. ಹನಿ ಚೆಲ್ಲಲಿಲ್ಲ. ಮರಿ ಅವನ ಹೆಬ್ಬೆರಳನ್ನು ಕಚ್ಚಿ, ನೆಗೆದು ಓಡಿತು. ಅವನು ಗೋಡೆಗೆ ಒರಗಿದ. ಹೊರಗೆ ಬೆಳಕು ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು. ರೆಪ್ಪೆಗಳು ಭಾರವಾದವು.

ಎಚ್ಚರವಾದದ್ದು ಬೆರಳಿಗೆ ಏನೋ ತಣ್ಣಗೆ ತಾಗಿದ್ದಕ್ಕೆ. ಅವನು ತಲೆ ಎತ್ತಲಿಲ್ಲ. ಅರೆತೆರೆದ ಕಣ್ಣಿನಲ್ಲೇ ನೋಡಿದ. ಮರಿ ಅವನ ಬಲಗೈಯನ್ನು ಕಿರುಬೆರಳಿನಿಂದ ಶುರುಮಾಡಿ ಮೂಸುತ್ತ ಬರುತ್ತಿತ್ತು, ಒಂದೊಂದೇ ಬೆರಳು. ದನದ ಜೊಲ್ಲು, ಬಿದಿರು, ಕಹಿಬೇರು, ಗುಲಾಬಿ ಮದ್ದು, ಎಲ್ಲವೂ ಅಲ್ಲಿದ್ದವು. ಹೆಬ್ಬೆರಳ ಬಳಿ ಬಂದಾಗ, ತನ್ನದೇ ಹಲ್ಲಿನ ಗುರುತಿನ ಮೇಲೆ, ಬಹಳ ಹೊತ್ತು ನಿಂತಿತು. ಒಮ್ಮೆ ಅವನ ಮುಖವನ್ನು ನೋಡಿತು, ಎರಡೂ ಕಣ್ಣಿನಿಂದ. ಯಾರೆಂದು ಅದಕ್ಕೆ ಚೆನ್ನಾಗಿ ತಿಳಿದಿತ್ತು.

ಆಮೇಲೆ ಅದು ಅವನ ಕೈಗೆ ಬೆನ್ನು ಮಾಡಿ ಕುಳಿತು, ಬೀದಿಯ ಕಡೆಗೆ ಮುಖ ಹಾಕಿ, ಬಾಲವನ್ನು ಪಾದಗಳಿಗೆ ಸುತ್ತಿಕೊಂಡು, ಕಿವಿಯ ಹಿಂದೆ ತೊಳೆದುಕೊಳ್ಳತೊಡಗಿತು. ಅಂಜುವ ಪ್ರಾಣಿ ತನ್ನನ್ನು ಅಂಜಿಸಿದವನನ್ನು ಬೆನ್ನ ಹಿಂದೆ ಬಿಟ್ಟು ಹೀಗೆ ಕೂರುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಏಳೂರಿನಲ್ಲಿ ಯಾರಿದ್ದರು?

“ಟೀ ಇಟ್ಟಿದ್ದೀನಿ, ಬನ್ನಿ” ಎಂದಳು ಹೆಂಡತಿ ಒಳಗಿನಿಂದ. “ಆರಿಹೋಗುತ್ತೆ.”

“ಆರಲಿ ಬಿಡು” ಎಂದ ಅವನು, ತುಟಿ ಮಾತ್ರ ಅಲುಗುವ ಹಾಗೆ.